ಉಳಿದ ಎಂಬತ್ತೆಂಟು ಗಂಟೆ

ಪಾಸ್ಟರ್ ಅವರೇ, ಆರ್ಡಿಸ್ ಅವರ ಮಗಳು ಕರೀನ್, ತಮ್ಮ ಲೈಲ್, ಹೋಲ್ಮ್ ಕ್ರೀಕ್ ಊರಿನವರೇ, ನನ್ನ ಜೊತೆ ದುಡಿಯುವವರೇ, ಮತ್ತು — ಮೊದಲು ಹೇಳಬೇಕಾದವರನ್ನು ಕೊನೆಗೆ ಹೇಳುತ್ತಿದ್ದೇನೆ, ಆರ್ಡಿಸ್ ಇದ್ದಿದ್ದರೆ ಬೈಯುತ್ತಿದ್ದರು — ಈ ಆರೈಕೆ ಮನೆಯಲ್ಲಿ ವಾಸವಾಗಿರುವ ನಲವತ್ತೊಂದು ಮಂದಿ ಹಿರಿಯರೇ, ನಿಮಗೆಲ್ಲ ನನ್ನ ನಮಸ್ಕಾರ. ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿದೆ. ಬಿತ್ತನೆಗೆ ಹೊಲ ಸಿದ್ಧ ಮಾಡಬೇಕಾದ ದಿನ ಇದು. ಆದರೂ ಇಷ್ಟು ಜನ ಬಂದಿದ್ದೀರಿ. ದೊಡ್ಡ ಮಾತು.

ನಾನು ಮರ್ಲಾ ಕ್ವಾಮ್. ಹೆಚ್ಚಿನವರಿಗೆ ನಾನು ‘ಲಾಂಡ್ರಿ ಮರ್ಲಾ’. ಹತ್ತೊಂಬತ್ತು ವರ್ಷ ಈ ಮನೆಯ ಹಾಸಿಗೆ ಬಟ್ಟೆ ಒಗೆದಿದ್ದೇನೆ. ನಿಮ್ಮಲ್ಲಿ ಯಾವ ಕಾಲುಚೀಲ ಯಾರದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. — ಏನಂದಿರಿ ಹಾಲ್ವರ್? — ಹಾಲ್ವರ್ ಹೇಳುತ್ತಿದ್ದಾರೆ, “ಹಂಗಾದ್ರೆ ನನ್ನ ಬೂದು ಬಣ್ಣದ ಕಾಲುಚೀಲ ಎಲ್ಲಿ ಹೋಯ್ತು?” ಅಂತ. ಅದನ್ನು ಆಮೇಲೆ ಮಾತಾಡೋಣ ಹಾಲ್ವರ್. ಇವತ್ತು ಆರ್ಡಿಸ್ ದಿನ.

ಆರ್ಡಿಸ್ ಟೊಲೆಫ್ಸನ್ ಈ ಮನೆಯ ಆಡಳಿತಾಧಿಕಾರಿಯಾಗಿ ಇಪ್ಪತ್ತೊಂಬತ್ತು ವರ್ಷ ದುಡಿದರು. ಬಾಗಿಲಿನ ಪಕ್ಕದ ಗೋಡೆಯ ಮೇಲೆ ಚೌಕಟ್ಟು ಹಾಕಿದ ಅವರ ಲೈಸೆನ್ಸ್ ಇತ್ತು, ಎಲ್ಲರೂ ನೋಡಿದ್ದೀರಿ. ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಬೇಕು ಅಂತ ಕಾನೂನೇ ಇದೆ. ಅವರು ತೀರಿಕೊಂಡ ಮಾರನೆಯ ದಿನ ನಾನೇ ಅದನ್ನು ಇಳಿಸಿದೆ. ಈಗ ಅಲ್ಲಿ, ಸದ್ಯಕ್ಕೆ ಅವರ ಜಾಗ ನೋಡಿಕೊಳ್ಳುತ್ತಿರುವ ಎಲೆಫ್ಸನ್ ಅವರ ಲೈಸೆನ್ಸ್ ಇದೆ. ಎಲೆಫ್ಸನ್ ಅವರೇ, ನೀವು ಹಿಂದೆ ಕೂತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ — ನಿಮ್ಮದು ಸಣ್ಣ ಚೌಕಟ್ಟು. ಅದರ ಸುತ್ತ ಗೋಡೆಯ ಹಳೆಯ ಬಣ್ಣ ಇನ್ನೂ ಅಷ್ಟಗಲ ಕಾಣುತ್ತಿದೆ. ದಿನಾ ಬೆಳಿಗ್ಗೆ ಒಳಗೆ ಬರುವಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಇಂಥ ಸಭೆಯಲ್ಲಿ ಸಿಹಿ ಮಾತಾಡಬೇಕು. ಅವರ ನಗು, ಅವರ ಕೈಯ ಆಲೂಗಡ್ಡೆ ರೊಟ್ಟಿ, ಇವೆಲ್ಲ ಹೇಳಬೇಕು. ಕರೀನ್ ಅದನ್ನೆಲ್ಲ ಈಗಷ್ಟೇ ಚೆನ್ನಾಗಿ ಹೇಳಿದಳು. ನನಗೆ ಬರುತ್ತಿಲ್ಲ. ನನಗೆ ಸಿಟ್ಟು ಬಂದಿದೆ. ಇಪ್ಪತ್ತಮೂರು ದಿನದಿಂದ ಸಿಟ್ಟಲ್ಲೇ ಇದ್ದೇನೆ. ರಾಜಧಾನಿಯಲ್ಲಿ ಕೂತು ನಮಗೆ ಲೈಸೆನ್ಸ್ ಕೊಡುವ ಮಂಡಳಿಯ ಮೇಲೆ ಸಿಟ್ಟು. ಮತ್ತು — ಕರೀನ್, ಕ್ಷಮಿಸಮ್ಮ — ನಿನ್ನ ತಾಯಿಯ ಮೇಲೂ ಸಿಟ್ಟು.

ಯಾಕೆ ಅಂತ ಹೇಳುತ್ತೇನೆ.

ಆರ್ಡಿಸ್‌ಗೆ ಎಪ್ಪತ್ತೊಂದು. ಅವರಿಗೆ ನಿವೃತ್ತಿ ಬೇಕಿತ್ತು. ಆದರೆ ಲೈಸೆನ್ಸ್ ಇರುವ ಆಡಳಿತಾಧಿಕಾರಿ ಇಲ್ಲದೆ ಇಂಥ ಮನೆ ನಡೆಯುವಂತಿಲ್ಲ. ಪೇಪರಿನಲ್ಲಿ ಜಾಹೀರಾತು ಹಾಕಿದರು. ಹದಿನಾಲ್ಕು ತಿಂಗಳಲ್ಲಿ ಇಬ್ಬರು ಅರ್ಜಿ ಹಾಕಿದರು. ಅದರಲ್ಲಿ ಒಬ್ಬ ಬಂದ. ಜನವರಿಯಲ್ಲಿ ಬಂದ. ಕಾರಿನಿಂದ ಇಳಿದ, ಗಾಳಿ ಒಂದು ಸಲ ಕೆನ್ನೆಗೆ ಬಡಿಯಿತು, ಮತ್ತೆ ಕಾರು ಹತ್ತಿದ. ಸುಳ್ಳಲ್ಲ, ಕಿಟಕಿಯಿಂದ ನೋಡಿದವರು ಇಲ್ಲೇ ಕೂತಿದ್ದಾರೆ. ಅವತ್ತು ಆರ್ಡಿಸ್ ಲಾಂಡ್ರಿಗೆ ಬಂದು, ನಾನು ಮಡಚುತ್ತಿದ್ದ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡು ಹೇಳಿದರು:

“ಮರ್ಲಾ, ನೀನೇ ಆಗ್ಬಿಡು.”

“ಏನಾಗ್ಲಿ?”

“ಆಡಳಿತಾಧಿಕಾರಿ.”

“ಆರ್ಡಿಸ್, ನಿಮ್ಗೆ ಜ್ವರ ಬಂದಿದ್ಯಾ?”

“ಬೆಡ್‌ಶೀಟ್ ಸರಿಯಾಗಿ ಹಿಡ್ಕೋ. ನಲವತ್ತೊಂದು ಜನರಲ್ಲಿ ಯಾರಿಗೆ ಯಾವಾಗ ಹುಷಾರಿಲ್ಲ ಅಂತ ಡಾಕ್ಟರಿಗಿಂತ ಮೊದಲು ಬಟ್ಟೆ ನೋಡಿ ಹೇಳೋಳು ನೀನು. ಮಿಕ್ಕಿದ್ದು ಕಲಿಸ್ತೀನಿ.”

ಸರಿ, ಶುರುವಾಯಿತು. ಮಂಡಳಿಯವರು ಪದವಿ ಇದೆಯಾ ಅಂದರು. ಇತ್ತು. ನಲವತ್ತೆಂಟನೇ ವಯಸ್ಸಿನಲ್ಲಿ ಅಡುಗೆ ಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ನಾಲ್ಕು ವರ್ಷ ಓದಿ ತೆಗೆದುಕೊಂಡ ಪದವಿ. ಬೆರಳಚ್ಚು ಕೊಡಿ ಅಂದರು. ಕೊಟ್ಟೆ. ಬ್ಲೀಚಿನಲ್ಲಿ ಸವೆದ ಬೆರಳು, ಗೆರೆ ಮೂಡಲಿಲ್ಲ, ಮೂರು ಸಲ ಕೊಟ್ಟೆ. ಪರೀಕ್ಷೆ ಬರೆಯಿರಿ ಅಂದರು. ಬರೆದೆ. ಬೆಂಕಿ ತಡೆಯುವ ಬಾಗಿಲು, ಕುಡಿಯುವ ನೀರು, ನೌಕರರ ಕಾನೂನು, ಎಲ್ಲ ಬರೆದು ಪಾಸಾದೆ. ತಪ್ಪಾದ ಪ್ರಶ್ನೆಗಳಲ್ಲಿ ಒಂದು ಯಾವುದರದ್ದು ಗೊತ್ತಾ? ಲಾಂಡ್ರಿಯದು! ಒಗೆಯುವ ನೀರು ಎಷ್ಟು ಬಿಸಿ ಇರಬೇಕು ಅಂತ. ನಾನು ನಮ್ಮ ಹಳೇ ಯಂತ್ರದ ಲೆಕ್ಕ ಬರೆದು ಬಂದಿದ್ದೆ. ಅದನ್ನು ಕೇಳಿ ಆರ್ಡಿಸ್ ನಕ್ಕಿದ್ದು ನೋಡಬೇಕಿತ್ತು. ಗೋಡೆ ಹಿಡಿದುಕೊಂಡು ನಕ್ಕರು.

ಕೊನೆಯದು ತರಬೇತಿ. ಸಾವಿರ ಗಂಟೆ. ಲೈಸೆನ್ಸ್ ಇರುವವರೊಬ್ಬರ ಕೈಕೆಳಗೆ ಸಾವಿರ ಗಂಟೆ ಕಲಿಯಬೇಕು, ಕಲಿಸಿದವರು ಕೊನೆಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಬೇಕು.

ನಿಲ್ಲಿ — ನಾನು ಲೈಸೆನ್ಸ್ ಬೇಡ ಅಂತ ಹೇಳುತ್ತಿಲ್ಲ. ತಪ್ಪು ತಿಳಿಯಬೇಡಿ. ನಿಮ್ಮ ತಾಯಿಯನ್ನು ಕರೆತಂದು ಬಿಡುವ ಮನೆಯನ್ನು ಯಾರೋ ದಾರಿಹೋಕ ನಡೆಸಬಾರದು. ಕಾನೂನು ಇರಲಿ, ಬಿಗಿಯಾಗೇ ಇರಲಿ. ಕಳೆದ ಜುಲೈನಲ್ಲಿ ಸಾವಿರ ಗಂಟೆ ಅಂತ ಕೇಳಿದಾಗ ನಾನು ಗೊಣಗಿದ್ದು ನಿಜ. ಮೊದಲನೆಯ ಗಂಟೆ ಮುಗಿಯುವ ಹೊತ್ತಿಗೆ ಗೊಣಗುವುದು ನಿಲ್ಲಿಸಿದೆ.

ಆ ಮೊದಲನೆಯ ಗಂಟೆ ಹೇಗಿತ್ತು ಕೇಳಿ. ಆಫೀಸಿನಲ್ಲಿ ಕೂರಿಸಿ ಫೈಲು ತೋರಿಸುತ್ತಾರೆ ಅಂದುಕೊಂಡು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿದ್ದೆ. ಆರ್ಡಿಸ್ ನನ್ನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿದರು. ಹೀಗೆ ತಳ್ಳಿಕೊಂಡು ಹೋಗಿ ಪೂರ್ವದ ಹಜಾರದಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಬ್ರೇಕ್ ಹಾಕಿದರು. “ಬಂದೆ ಇರು” ಅಂದು ಹೋದರು. ಐದು ನಿಮಿಷ. ಹದಿನೈದು ನಿಮಿಷ. ಅರ್ಧ ಗಂಟೆ. ಜನ ನನ್ನ ಬೆನ್ನ ಹಿಂದೆ ಓಡಾಡುತ್ತಿದ್ದಾರೆ, ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ಒಬ್ಬರನ್ನು ಬಿಟ್ಟರೆ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಗಂಟೆ ಮುಗಿದ ಮೇಲೆ ಬಂದು ಕೇಳಿದರು:

“ಏನು ಕಲ್ತೆ?”

“ನನಗೆ ಟಾಯ್ಲೆಟ್‌ಗೆ ಹೋಗ್ಬೇಕು.”

“ಯಾವಾಗಿಂದ?”

“ಇಪ್ಪತ್ತು ನಿಮಿಷದಿಂದ.”

“ಸರಿ. ಬರ್ಕೋ. ಒಂದು ಗಂಟೆ, ನಿವಾಸಿಗಳ ಆರೈಕೆ.”

ಹಾಲ್ವರ್, ನೀವು ಅವತ್ತು ಹಜಾರದಲ್ಲೇ ಇದ್ದಿರಿ. ನಗಬೇಡಿ. ನೀವಂತೂ ನನ್ನ ಪಕ್ಕಕ್ಕೆ ಬಂದು, “ಏನ್ ತಪ್ಪು ಮಾಡ್ದೆ?” ಅಂತ ಕೇಳಿದಿರಿ.

ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ ಅವರು ನನಗೆ ಒಂದು ವಿಷಯ ಹೇಳಿದರು. ಕರೀನ್‌ಗೂ ಗೊತ್ತಿದೆ, ಅವಳ ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ. ಆರ್ಡಿಸ್ ಹತ್ತೊಂಬತ್ತನೇ ವಯಸ್ಸಿನಲ್ಲಿ ಬೇರೊಂದು ಮನೆಯಲ್ಲಿ, ಈಗ ಅದು ಇಲ್ಲ, ಆಯಾ ಆಗಿದ್ದರು. ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಬದಲಿಸಿದಾಗಲೆಲ್ಲ ಹಾಳೆಯಲ್ಲಿ ಸಹಿ. ಕೆಲಸ ಜಾಸ್ತಿ, ಜನ ಕಡಿಮೆ. ಅಲ್ಲಿನವರೆಲ್ಲ ಮಾಡುವ ಹಾಗೆ ಆರ್ಡಿಸ್ ಕೂಡ ಬೆಳಿಗ್ಗೆ ಏಳಕ್ಕೆ ಬಂದವರೇ ಒಂಬತ್ತರ ಸಹಿ, ಹನ್ನೊಂದರ ಸಹಿ, ಒಂದು ಗಂಟೆಯ ಸಹಿ, ಮೂರರ ಸಹಿ, ಎಲ್ಲ ಒಟ್ಟಿಗೆ ಹಾಕಿಬಿಡುತ್ತಿದ್ದರು. ಆಮೇಲೆ ಮಾಡಿದರಾಯಿತು ಅಂತ. ಕೆಲವು ಸಲ ಮಾಡಿದರು. ಕೆಲವು ಸಲ ಆಗಲಿಲ್ಲ. ಅಜ್ಜಿಯ ಬೆನ್ನು ಹುಣ್ಣಾಗಿ ಮೂಳೆ ಕಂಡಿತು. ಹಾಳೆಯಲ್ಲಿ ಮಾತ್ರ ಒಂದು ಸಹಿಯೂ ತಪ್ಪಿರಲಿಲ್ಲ.

“ಅವತ್ತಿಂದ ಆಗದೇ ಇದ್ದದ್ದಕ್ಕೆ ನಾನು ಸಹಿ ಹಾಕಿಲ್ಲ ಮರ್ಲಾ. ನೀನೂ ಹಾಕ್ಬೇಡ. ಕಣ್ಣಲ್ಲಿ ನೋಡಿದ್ದಕ್ಕೆ ಮಾತ್ರ ಹಾಕು,” ಅಂದರು.

ಈ ಮನೆಯಲ್ಲಿ ಕೆಲಸ ಮಾಡುವ ನಿಮಗೆಲ್ಲ ಇದು ಗೊತ್ತು. ಊಟ ಬಡಿಸುವ ಮೊದಲೇ ‘ಉಂಡರು’ ಅಂತ ಗುರುತು ಹಾಕಿದ್ದಕ್ಕೆ ನಿಮ್ಮಲ್ಲಿ ಎಷ್ಟು ಜನ ಬೈಸಿಕೊಂಡಿಲ್ಲ! ಹೊರಗಿನವರು ಅವರನ್ನು ಹಟಮಾರಿ ಅಂದರು. ಹೌದು, ಹಟಮಾರಿಯೇ.

ನಮ್ಮ ತರಬೇತಿ ವಾರಕ್ಕೆ ಮೂರು ದಿನ, ಇಪ್ಪತ್ತನಾಲ್ಕು ಗಂಟೆ. ಉಳಿದ ಎರಡು ದಿನ ನನಗೆ ಲಾಂಡ್ರಿ. ಮೂವತ್ತೆಂಟು ವಾರ ನಡೆಯಿತು. ಒಂಬೈನೂರ ಹನ್ನೆರಡು ಗಂಟೆ ಮುಗಿಯಿತು. ಎಂಬತ್ತೆಂಟು ಉಳಿಯಿತು. ಇನ್ನು ನಾಲ್ಕು ವಾರ ಸಾಕಿತ್ತು.

ಆಗ ಅವರ ಎದೆನೋವು ಜೋರಾಯಿತು. ನಗರದ ಆಸ್ಪತ್ರೆಗೆ ಹೋಗಬೇಕು, ಆಪರೇಷನ್ ಆಗಬೇಕು ಅಂದರು. ಹೊರಡುವ ಹಿಂದಿನ ಮಧ್ಯಾಹ್ನ ನಾನು ಆ ಕಾಗದ ಹಿಡಿದುಕೊಂಡು ಅವರ ಆಫೀಸಿಗೆ ಹೋದೆ.

“ಆರ್ಡಿಸ್, ಒಂದು ಸಹಿ ಹಾಕ್ಬಿಡಿ. ಏನಾದ್ರೂ ಹೆಚ್ಚು ಕಡಿಮೆ ಆದ್ರೆ...”

ಅವರು ಕನ್ನಡಕ ಹಾಕಿಕೊಂಡು ಓದಿದರು. ಹೀಗೆ, ಬೆರಳಿಟ್ಟು, ಒಂದೊಂದೇ ಸಾಲು.

“ಇಲ್ಲಿ ‘ಸಾವಿರ ಗಂಟೆ ಪೂರೈಸಿದ್ದಾರೆ’ ಅಂತಿದೆ.”

“ಹೌದು.”

“ಪೂರೈಸಿಲ್ವಲ್ಲ.”

“ಎಂಬತ್ತೆಂಟು ಗಂಟೆ ಆರ್ಡಿಸ್! ನಾನು ಮಾಡ್ತೀನಿ ಅಂತ ನಿಮ್ಗೆ ಗೊತ್ತಿಲ್ವಾ?”

“ಗೊತ್ತು. ಮಾಡು. ಮಾಡಿದ್ಮೇಲೆ ಹಾಕ್ತೀನಿ.”

“ಹಂಗಾದ್ರೆ ಒಂಬೈನೂರ ಹನ್ನೆರಡಕ್ಕೆ ಹಾಕಿ.”

“ಅದಕ್ಕೆ ಇಲ್ಲಿ ಜಾಗ ಇಲ್ಲ.”

“ಜಾಗ ಇಲ್ದಿದ್ರೆ ಮಗ್ಗುಲಲ್ಲಿ ಬರೀರಿ!”

“ಎರಡು ವಾರದಲ್ಲಿ ಬರ್ತೀನಿ ಮರ್ಲಾ. ಅಷ್ಟು ಅವಸರ ಏನು?”

ನಾನು ಕೂಗಿದೆ. ಈ ಊಟದ ಹಾಲ್‌ವರೆಗೂ ಕೇಳಿಸುವ ಹಾಗೆ ಕೂಗಿದೆ. ನಿಮಗೆ ಕಾಗದದ ಮೇಲಿರುವ ಪ್ರೀತಿ ಮನುಷ್ಯರ ಮೇಲಿಲ್ಲ ಅಂದೆ. ಬಾಗಿಲು ಎಳೆದುಕೊಂಡು ಹೋದೆ. ಲಾಂಡ್ರಿಗೆ ಹೋಗಿ ಒಗೆದ ಬಟ್ಟೆಗಳನ್ನೇ ಮತ್ತೆ ಒಗೆಯಲು ಹಾಕಿದೆ, ಅಷ್ಟು ತಲೆ ಕೆಟ್ಟಿತ್ತು.

ಅದೇ ಕೊನೆಯ ಮಾತು. ಅವರು ಆಪರೇಷನ್ ಟೇಬಲ್ಲಿನಿಂದ ಏಳಲಿಲ್ಲ.

— ನೀರು ಕೊಡಿ ಸ್ವಲ್ಪ. — ಥ್ಯಾಂಕ್ಸ್.

ಒಂದು ವಾರ ಬಿಟ್ಟು ಮಂಡಳಿಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ತೆಗೆದುಕೊಂಡಳು. ಒಳ್ಳೆಯ ಹುಡುಗಿ, ಅವಳದೇನೂ ತಪ್ಪಿಲ್ಲ.

“ನಿಮ್ಮ ಗಂಟೆಗಳಿಗೆ ತರಬೇತಿ ಕೊಟ್ಟವರ ಸಹಿ ಬೇಕು ಮೇಡಂ.”

“ಅವರು ತೀರ್ಕೊಂಡಿದ್ದಾರೆ.”

“ಅಯ್ಯೋ, ತುಂಬಾ ಬೇಜಾರಾಯ್ತು. ಹಾಗಾದ್ರೆ ಅವರು ಸಹಿ ಹಾಕೋಕೆ ಯಾವಾಗ ಸಿಗಬಹುದು?”

ಕೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಹೊಳೆಯಿತು. “ಸಾರಿ ಮೇಡಂ, ಸಾರಿ, ಇಲ್ಲಿ ಬರೆದಿರೋ ಹಾಗೇ ಓದ್ಬಿಟ್ಟೆ,” ಅಂದಳು. ಆಮೇಲೆ, ತರಬೇತುದಾರರು ಬದಲಾದರೆ ಬೇರೆ ನಮೂನೆ ಇದೆ ಅಂದಳು. ಕಳಿಸಮ್ಮ ಅಂದೆ. ಬಂತು. ಅದರಲ್ಲಿ ಹಳೆಯ ತರಬೇತುದಾರರು ಯಾಕೆ ಬಿಟ್ಟರು ಅಂತ ಗುರುತು ಹಾಕಬೇಕು. ನಿವೃತ್ತಿ, ವರ್ಗಾವಣೆ, ರಾಜೀನಾಮೆ, ಮಂಡಳಿಯ ಶಿಸ್ತು ಕ್ರಮ. ಸಾವು ಅನ್ನುವುದೇ ಇಲ್ಲ! ಇಡೀ ರಾಜ್ಯದಲ್ಲಿ ಎಪ್ಪತ್ತು ದಾಟಿದ ಎಷ್ಟು ಆಡಳಿತಾಧಿಕಾರಿಗಳಿದ್ದಾರೆ, ಅವರಲ್ಲಿ ಒಬ್ಬರೂ ಸಾಯಬಹುದು ಅಂತ ಯಾರಿಗೂ ಹೊಳೆದಿಲ್ಲ. ಸಾಯುವವರ ಜೊತೆ ದಿನಾ ಕೆಲಸ ಮಾಡುವವರ ಬಗ್ಗೆ ಮಾಡಿದ ನಮೂನೆ ಅದು! ಮತ್ತು ಆ ನಮೂನೆಯ ಕೆಳಗೆ ಏನಿದೆ ಅಂದುಕೊಂಡಿರಿ? ಹಳೆಯ ತರಬೇತುದಾರರ ಸಹಿ.

ಮತ್ತೆ ಫೋನ್ ಮಾಡಿದೆ. ಮೇಲಿನವರಿಗೆ ಕೊಟ್ಟಳು. ಮೇಲಿನವರು ಅವರ ಮೇಲಿನವರಿಗೆ ಕೊಟ್ಟರು. ಕೊನೆಗೆ ಪತ್ರ ಬಂತು. ಸಹಿ ಇಲ್ಲದ ಗಂಟೆಗಳನ್ನು ಪರಿಗಣಿಸಲಾಗುವುದಿಲ್ಲ, ಹೊಸ ತರಬೇತುದಾರರ ಬಳಿ ಮೊದಲಿನಿಂದ ಆರಂಭಿಸಬಹುದು. ಶುಭ ಹಾರೈಕೆಗಳೊಂದಿಗೆ.

ಒಂಬೈನೂರ ಹನ್ನೆರಡು ಗಂಟೆ ಸೊನ್ನೆ ಆಯಿತು. ಶುಭ ಹಾರೈಕೆಗಳೊಂದಿಗೆ!

ನನ್ನ ಒಬ್ಬಳ ಪ್ರಶ್ನೆ ಆಗಿದ್ದರೆ ನಾನು ಸಭೆಯಲ್ಲಿ ಇದನ್ನು ಎತ್ತುತ್ತಿರಲಿಲ್ಲ. ಲಾಂಡ್ರಿ ಎಲ್ಲೂ ಹೋಗಿಲ್ಲ. ಆದರೆ ಎಲೆಫ್ಸನ್ ಅವರು ಎಪ್ಪತ್ತು ಮೈಲಿ ದೂರದ ತಮ್ಮ ಮನೆಯ ಜೊತೆಗೆ ನಮ್ಮದನ್ನೂ ನೋಡಿಕೊಳ್ಳುತ್ತಿದ್ದಾರೆ. ಒಬ್ಬರು ಎರಡು ಮನೆ ನೋಡಿಕೊಳ್ಳಲು ಕಾನೂನು ಕೊಡುವುದು ತೊಂಬತ್ತು ದಿನ ಮಾತ್ರ. ಇಪ್ಪತ್ತೆರಡು ಕಳೆದಿವೆ. ಅರವತ್ತೆಂಟು ದಿನದಲ್ಲಿ ಸಾವಿರ ಗಂಟೆ ಆಗುವುದಿಲ್ಲ. ಎಂಬತ್ತೆಂಟು ಆಗುತ್ತದೆ. ಆ ಎಂಬತ್ತೆಂಟನ್ನು ತಾವೇ ಕಲಿಸುವುದಕ್ಕೆ ಎಲೆಫ್ಸನ್ ಒಪ್ಪಿದ್ದಾರೆ. ಆಗದಿದ್ದರೆ ಈ ಮನೆ ಮುಚ್ಚುತ್ತದೆ. ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಮುಚ್ಚುತ್ತದೆ, ನಲವತ್ತೊಂದು ಜನ ಎಲ್ಲೆಲ್ಲಿ ಹಾಸಿಗೆ ಖಾಲಿ ಇದೆಯೋ ಅಲ್ಲಲ್ಲಿಗೆ ಹೋಗುತ್ತಾರೆ.

ಆರ್ವಿಡ್, ನಿಮ್ಮ ಹೆಸರು ತೆಗೆದುಕೊಳ್ಳುತ್ತೇನೆ. ಆರ್ವಿಡ್ ದಿನಾ ಮಧ್ಯಾಹ್ನ ನಾಲ್ಕು ಬೀದಿ ನಡೆದು ಬಂದು ಹೆಂಡತಿ ಎಲ್ವೀನಾಗೆ ಚಮಚದಲ್ಲಿ ಊಟ ಮಾಡಿಸುತ್ತಾರೆ. ಬೇರೆ ಯಾರು ಕೊಟ್ಟರೂ ಆಕೆ ಬಾಯಿ ತೆರೆಯುವುದಿಲ್ಲ. ಆರ್ವಿಡ್ ಈಗ ಕಾರು ಓಡಿಸುವುದಿಲ್ಲ. ಎಲ್ವೀನಾರನ್ನು ಎಂಬತ್ತು ಮೈಲಿ ಆಚೆ ಕಳಿಸಿದರೆ ಆಕೆಯ ಊಟಕ್ಕೆ ಯಾರು ಹೋಗುತ್ತಾರೆ? ಯಾವ ನಮೂನೆಯಲ್ಲಿ ಇದಕ್ಕೆ ಜಾಗ ಇದೆ?

ಇಪ್ಪತ್ತಮೂರು ದಿನ ನಾನು ಮನಸ್ಸಿನಲ್ಲೇ ಆರ್ಡಿಸ್ ಜೊತೆ ಜಗಳ ಮಾಡಿದೆ. ಒಂದು ಸಹಿ! ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಸಹಿ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಮೊನ್ನೆ ಎಲ್ವೀನಾರ ಹಾಸಿಗೆ ಬದಲಿಸುತ್ತಿದ್ದೆ. ಗೋಡೆಯಲ್ಲಿ ಆಕೆಯ ಮಗ್ಗುಲು ಬದಲಿಸುವ ಹಾಳೆ ನೇತಾಡುತ್ತಿತ್ತು. ಒಂಬತ್ತರ ಸಹಿ ಇತ್ತು. ಹನ್ನೊಂದರ ಜಾಗ ಖಾಲಿ ಇತ್ತು. ಗಡಿಯಾರ ನೋಡಿದೆ. ಹತ್ತೂ ಐವತ್ತು. ಆಕೆಯ ಬೆನ್ನು ನೋಡಿದೆ. ಆರು ವರ್ಷದಿಂದ ಹಾಸಿಗೆ ಹಿಡಿದ ಆಕೆಯ ಬೆನ್ನ ಮೇಲೆ ಒಂದು ಕೆಂಪು ಕಲೆಯೂ ಇರಲಿಲ್ಲ.

ಸರಿ, ಆರ್ಡಿಸ್. ನೀವು ಗೆದ್ದಿರಿ. ಸಿಟ್ಟು ಹೋಗಿಲ್ಲ, ಆದರೂ ಗೆದ್ದಿರಿ.

ಹಾಗಾಗಿ ಒಂದು ಯೋಚನೆ ಮಾಡಿದ್ದೇನೆ. ಬರುವ ಗುರುವಾರ ಮಂಡಳಿ ಸೇರುತ್ತದೆ. ನನಗೆ ಹತ್ತು ನಿಮಿಷ ಮಾತಾಡಲು ಕೊಟ್ಟಿದ್ದಾರೆ. ಆರ್ಡಿಸ್‌ಗೆ ಸಹಿ ಹಾಕಲಾಗಲಿಲ್ಲ. ಆದರೆ ಆ ಒಂಬೈನೂರ ಹನ್ನೆರಡು ಗಂಟೆ ಬೀಗ ಹಾಕಿದ ಕೋಣೆಯಲ್ಲಿ ಆಗಲಿಲ್ಲ, ನಿಮ್ಮ ಕಣ್ಣ ಮುಂದೆ ಆಯಿತು. ಕಾಫಿ ಇಟ್ಟ ಮೇಜಿನ ಮೇಲೆ, ಹ್ಯಾಮ್ ಬನ್ ತಟ್ಟೆಯ ಪಕ್ಕ, ಒಂದು ನೋಟ್‌ಬುಕ್ ಇದೆ. ಬಟ್ಟೆಗೆ ಹೆಸರು ಬರೆಯುವ ನನ್ನ ಕಪ್ಪು ಪೆನ್ನೂ ಇದೆ, ನೀರು ಬಿದ್ದರೂ ಅಳಿಸುವುದಿಲ್ಲ. ಆರ್ಡಿಸ್ ನನಗೆ ಕಲಿಸುತ್ತಿದ್ದುದನ್ನು ನೀವು ಏನಾದರೂ ನೋಡಿದ್ದರೆ ಬರೆಯಿರಿ, ಸಹಿ ಹಾಕಿ. ಹೊಗಳಬೇಡಿ. ಮರ್ಲಾ ಒಳ್ಳೆಯವಳು ಅಂತ ಬರೆಯಬೇಡಿ, ಅದು ಯಾರಿಗೂ ಬೇಕಾಗಿಲ್ಲ. ನೋಡಿದ್ದಷ್ಟನ್ನೇ ಬರೆಯಿರಿ. ನೋಡಿಲ್ಲದಿದ್ದರೆ ಕಾಫಿ ಕುಡಿದು ಮನೆಗೆ ಹೋಗಿ, ನನಗೆ ಬೇಜಾರಿಲ್ಲ.

— ಹಾಲ್ವರ್ ಏನೋ ಹೇಳುತ್ತಿದ್ದಾರೆ. “ಗೋಡೆ ನೋಡ್ಕೊಂಡು ಕೂತಿದ್ದು ನಾನು ನೋಡಿದೀನಿ. ಬರೀತೀನಿ. ಆದ್ರೆ ಒಂದು ಗಂಟೆ ಅಲ್ಲ, ಐವತ್ತೈದು ನಿಮಿಷ.” — ಐವತ್ತೈದು ಅಂತಲೇ ಬರೆಯಿರಿ ಹಾಲ್ವರ್. ದೇವರಾಣೆ, ಐವತ್ತೈದು ಅಂತಲೇ ಬರೆಯಿರಿ.

ಮಂಡಳಿಯವರು ಒಪ್ಪುತ್ತಾರಾ? ಗೊತ್ತಿಲ್ಲ. ಒಪ್ಪುತ್ತಾರೆ ಅಂತ ನಾನು ನಿಮಗೆ ಇವತ್ತು ಹೇಳುವುದಿಲ್ಲ. ಅದು ಇನ್ನೂ ಆಗಿಲ್ಲ.

ಕೊನೆಯದಾಗಿ ಒಂದು ಮಾತು. ಈ ಮನೆಯಲ್ಲಿ ನಡೆಯುವ ಪ್ರತಿ ಕಾರ್ಯಕ್ರಮಕ್ಕೂ ಒಂದು ಹಾಳೆ ತುಂಬಿಸಬೇಕು, ಅದೂ ನಿಯಮ. ಇವತ್ತಿನ ಹಾಳೆ ಇಲ್ಲಿದೆ. ನಮ್ಮವರು ಯಾರೋ ಬೆಳಿಗ್ಗೆಯೇ ಪೂರ್ತಿ ತುಂಬಿಸಿ ನನ್ನ ಸಹಿಗೆ ಇಟ್ಟಿದ್ದರು. ‘ಒಂದು ನಿಮಿಷ ಮೌನ ಆಚರಿಸಲಾಯಿತು’ ಅಂತ ಬರೆದಿದ್ದರು. ಯಾರು ಅಂತ ಕೇಳುವುದಿಲ್ಲ. ಆ ಸಾಲನ್ನು ನಾನು ಹೊಡೆದು ಹಾಕಿದ್ದೇನೆ.

ಎಲ್ಲರೂ ಎದ್ದು ನಿಲ್ಲಿ ಅಂತ ಈ ಮನೆಯಲ್ಲಿ ಯಾರೂ ಹೇಳುವಂತಿಲ್ಲ, ಎದ್ದು ನಿಲ್ಲಲಾಗದವರ ಮನೆ ಇದು ಅಂತ ಆರ್ಡಿಸ್ ಹೇಳುತ್ತಿದ್ದರು. ಊಟಕ್ಕೆ ಮುಂಚೆ, ಪ್ರಾರ್ಥನೆಗೆ ಮುಂಚೆ ಅವರು ಕೂಗುತ್ತಿದ್ದ ಒಂದೇ ಮಾತು ನಿಮಗೆಲ್ಲ ಗೊತ್ತು. ಗಾಲಿ ಕುರ್ಚಿಗಳ ಆ ಟಕ್ ಟಕ್ ಸದ್ದು ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿ ನಿಂತ ಮೇಲೇ ಅವರು ಕಣ್ಣು ಮುಚ್ಚುತ್ತಿದ್ದರು.

ಗಡಿಯಾರ ನಾನು ನೋಡುತ್ತೇನೆ. ಪೂರ್ತಿ ಅರವತ್ತು ಸೆಕೆಂಡು. ಆದ ಮೇಲೆ ಸಹಿ ಹಾಕುತ್ತೇನೆ.

ನಿಲ್ಲಲು ಆಗುವವರು ದಯವಿಟ್ಟು ಎದ್ದು ನಿಲ್ಲಿ. ಉಳಿದವರು — ಬ್ರೇಕ್ ಹಾಕಿ.